ನಮೂನೆ ಪತ್ರದ ಮೊದಲ ಸಾಲು

ನಾನು ಬರೆಯುವ ಮೇಲ್‌ಗಳಲ್ಲಿ ಹೊಸದೇನೂ ಇರುವುದಿಲ್ಲ. ಜಲನಗರದಲ್ಲಿರುವ ನಮ್ಮ ಶಿಕ್ಷಣ ಸಂಸ್ಥೆಯ ಕಚೇರಿಯಿಂದ ತಿಕೋಟಾ, ಬಬಲೇಶ್ವರದ ಶಾಲೆಗಳಿಗೆ ತಿಂಗಳಿಗೊಮ್ಮೆ ಅದೇ ಮಾತು: ಹಾಜರಿ ಬಂದಿಲ್ಲ, ಅಂಕಪಟ್ಟಿ ಬಂದಿಲ್ಲ, ಕಳಿಸಿ. ಇಷ್ಟಕ್ಕೇ ನನಗೆ ಅರ್ಧ ದಿನ ಬೇಕಾಗುತ್ತಿತ್ತು. ‘ಕಳಿಸಿರಿ’ ಎಂದರೆ ದರ್ಪವಾಯಿತೇನೋ, ‘ಕಳಿಸಿಕೊಡಬೇಕಾಗಿ ವಿನಂತಿ’ ಎಂದರೆ ಕಾಲು ಹಿಡಿದಂತಾಯಿತೇನೋ. ಕಳಿಸಿದ ಮೇಲೂ ಮತ್ತೆ ತೆರೆದು ಓದಿ ಬೆವರುವವ ನಾನು.

ಎದುರು ಮೇಜಿನ ಕಂಪ್ಯೂಟರ್ ಆಪರೇಟರ್ ಇಬ್ರಾಹಿಂಪುರದ ಹೆಣ್ಣುಮಗಳು. ಒಂದು ದಿನ ತಡೆಯಲಾರದೆ ಅಂದಳು: “ಸರ, ನೀವು ಒಂದ ಮೇಲ್ ಮುಗಸೂದ್ರಾಗ ನಮ್ಮನಿ ಹಿಂದಿನ ರೈಲು ಸೊಲ್ಲಾಪುರಕ್ಕ ಹೋಗಿ ಹೊಳ್ಳಿ ಬರ್ತೈತಿ. ಒಮ್ಮೆ ಬರದು ಇಟ್ಟಬಿಡೂಣ್ರಿ. ತಿಂಗಳಾ ಹೆಸರು, ತಾರೀಖು ಬದಲಿಸಿ ಒತ್ತೂದು, ಅಷ್ಟ.”

ಹಾಗೆ ನಮೂನೆಗಳು ತಯಾರಾದವು. ನಾನು ಹಟ ಹಿಡಿದದ್ದು ಮೊದಲ ಸಾಲಿಗೆ ಮಾತ್ರ: ‘ನಮಸ್ಕಾರ. ಆರಾಮ ಅದೀರಿಲ್ರಿ? ಮನ್ಯಾಗ ಎಲ್ಲಾರೂ ಆರಾಮ?’

“ಆಫೀಸಿನ ಪತ್ರದಾಗ ಇದ್ಯಾಕ್ರಿ ಸರ?”

“ಇರಲಿ ಬಿಡವಾ. ನಮ್ಮ ಕಡೆ ಜಗಳಕ್ಕ ಬಂದವರೂ ಮೊದಲ ಆರಾಮ ಕೇಳಿ, ಚಹಾ ಕುಡದು, ಆಮ್ಯಾಲ ಜಗಳಾ ತಗೀತಾರ.”

ಅವಳು ನಕ್ಕು, ಎಲ್ಲ ನಮೂನೆಗಳ ತಲೆಗೂ ಅದನ್ನೇ ಅಂಟಿಸಿದಳು. ಚಹಾ ಆರುವುದರೊಳಗೆ ಕೆಲಸ ಮುಗಿಯತೊಡಗಿತು. ಉಳಿದ ಹೊತ್ತಿನಲ್ಲಿ ನಾನು ಬಿ.ಪಿ.ಯ ಚಿಂತೆ ಮಾಡಿದೆ. ತಿಕೋಟಾದ ಗುಮಾಸ್ತರು ‘ಆರಾಮ್ರಿ’ ಎಂದು ಒಂದೇ ಶಬ್ದ ಬರೆದು ಕಾಗದ ಕಳಿಸುತ್ತಿದ್ದರು. ಬಬಲೇಶ್ವರದಿಂದ ಮಾತ್ರ ಅಂಕಪಟ್ಟಿಯೂ ಇಲ್ಲ, ಉತ್ತರವೂ ಇಲ್ಲ. ಅಲ್ಲಿ ಆ ಕೆಲಸ ವಿಜ್ಞಾನದ ಮಾಸ್ತರರದು. ಮೂರು ಸಲ ತಡವಾದರೆ ಕಾರಣ ಕೇಳಿ ನೋಟಿಸು ಕೊಡುವುದು ನಮ್ಮ ಸಂಸ್ಥೆಯ ಪದ್ಧತಿ. ನೋಟಿಸು ಹೋದವರನ್ನು ಮುಂದಿನ ವರ್ಷ ಮುಂದುವರಿಸುವುದು ಅಪರೂಪ. ಅದಕ್ಕೂ ಒಂದು ನಮೂನೆ ಇತ್ತು. ಮಾಸ್ತರರ ಹೆಸರು ತುಂಬಿ ಇಟ್ಟಿದ್ದೆವು, ಸಂಜೆ ಕಳಿಸುವುದಿತ್ತು. ಮಧ್ಯಾಹ್ನ ಅವರ ಉತ್ತರ ಬಂತು.

‘ಸರ, ತಿಂಗಳ ತಿಂಗಳಾ ಆರಾಮ ಕೇಳಾಕತ್ತೀರಿ, ಏನಂತ ಬರೀಲಿ ಅಂತ ಸುಮ್ಮನಿದ್ದೆ. ಆರಾಮ ಇಲ್ರಿ. ನಮ್ಮಾಕಿಗೆ ಲಕ್ವಾ ಹೊಡದೈತಿ. ಬಲಗೈ, ಬಲಗಾಲು ಏಳೂದಿಲ್ಲ. ಆಕೀನ ತೊಳದು, ಉಣಿಸಿ ಸಾಲಿಗೆ ಬರ್ತೇನಿ, ಪಾಠ ಮುಗಿಸಿ ಓಡ್ತೇನಿ. ಕೆಲಸಾ ಹೋದೀತಂತ ಯಾರ ಮುಂದೂ ಹೇಳಿಲ್ಲ. ನೀವು ಕೇಳಿದಿರಂತ ಹೇಳಿದೆ.’

ಎರಡು ಸಲ ಓದಿ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದೆ. ಅವಳೂ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಆ ನೋಟಿಸು ಏನ್ ಮಾಡೂಣ್ರಿ ಸರ? ಅದರ ತಲಿಮ್ಯಾಲೂ ಆರಾಮ ಕೇಳೇವಿ.”

“ತಡಿ” ಎಂದು ಎದ್ದೆ.

ಸಂಸ್ಥೆಯ ಕಾರ್ಯದರ್ಶಿಗಳ ಕೋಣೆಗೆ ಅವರು ಕರೆಯದೆ ನಾನೆಂದೂ ಹೋದವನಲ್ಲ. ಅಂದು ಹೋದೆ. ಅವರು ಕೇಳಿಸಿಕೊಂಡರು, ಕನ್ನಡಕ ತೆಗೆದರು. “ಪಾಪ ಖರೆ. ಆದ್ರ ಎಲ್ಲಾರೂ ಹಿಂಗ ಒಂದೊಂದು ಹೇಳಿದ್ರ ಸಾಲಿ ಹೆಂಗ ನಡೀಬೇಕು?”

“ಎಲ್ಲಾರೂ ಹೇಳಿಲ್ರಿ, ಸಾಹೇಬ್ರ. ಒಬ್ರು ಹೇಳ್ಯಾರ. ಅದೂ ನಾ ಕೇಳಿದ್ದಕ್ಕ.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ಅವರು ಪಾಠ ಅಷ್ಟ ಮಾಡ್ಲಿ. ಈ ವರ್ಷ ಮುಗಿಯೂತನ. ಆ ಅಂಕಪಟ್ಟಿ ಕೆಲಸ ನೀವ ಮಾಡ್ತೀರೇನು?”

“ಮಾಡ್ತೇನ್ರಿ.”

ಮುಂದಿನ ವರ್ಷದ ಮಾತು ಅವರೂ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ನೋಟಿಸು ಅಳಿಸಿ ಮಾಸ್ತರರಿಗೆ ಉತ್ತರ ಬರೆಯಲು ಕೂತೆ. ಇದಕ್ಕೆ ನಮೂನೆ ಇರಲಿಲ್ಲ. ತಿಂಗಳೂ ಆರಾಮ ಕೇಳುತ್ತಿದ್ದದ್ದು ನಾನಲ್ಲ, ಯಂತ್ರ ಎಂದು ತಿಳಿಸಬೇಕೇ? ಬರೆದೆ, ಅಳಿಸಿದೆ. ಕೊನೆಗೆ ತಿದ್ದಿದ ಉತ್ತರಪತ್ರಿಕೆಗಳನ್ನು ಬಸ್ಸಿನಲ್ಲಿ ಕಳಿಸಿರಿ, ಉಳಿದದ್ದು ನಮಗೆ ಬಿಡಿರಿ ಎಂದಷ್ಟೇ ಬರೆಯುವುದರಲ್ಲಿ ಕಚೇರಿ ಮುಚ್ಚುವ ಹೊತ್ತಾಗಿತ್ತು. ಆಪರೇಟರ್ ಈ ಸಲ ರೈಲಿನ ಮಾತು ತೆಗೆಯಲಿಲ್ಲ.

ಈಗ ಬಬಲೇಶ್ವರದ ಅಂಕಗಳನ್ನು ನಾವಿಬ್ಬರೇ ತುಂಬುತ್ತೇವೆ. ಮೊನ್ನೆ ಒಬ್ಬ ಹುಡುಗಿಯ ಅಂಕ ತಾಳೆಯಾಗದೆ ಮಾಸ್ತರರಿಗೆ ಫೋನು ಮಾಡಿದೆ. “ಒಂದ್ ಸ್ವಲ್ಪ ತಡೀರಿ ಸರ, ಆಕೀನ ಮಗ್ಗಲಾ ಹೊರಳಸಬೇಕು” ಎಂದು ಫೋನು ಕೆಳಗಿಟ್ಟರು. ಮಂಚ ಕಿರುಗುಟ್ಟಿತು. “ಸಾವಕಾಶ, ಸಾವಕಾಶ… ನಾ ಹಿಡದೇನಿ” ಎನ್ನುವುದು ಕೇಳಿಸಿತು. ಕಟ್ ಮಾಡಿ ಆಮೇಲೆ ಮಾಡಬಹುದಿತ್ತು. ಕಿವಿಗೆ ಹಿಡಿದುಕೊಂಡೇ ಕೂತೆ.