ಗುಡ್ಡಕ್ಕೆ ಹೋದ ಪೈಪು

ಸಂಖದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಎಡಕ್ಕೊಂದು ಗುಡ್ಡವಿದೆ. ಅರಣ್ಯ ಇಲಾಖೆಯ ಜಾಗ. ಪ್ರತಿ ಮಳೆಗಾಲ ಅಲ್ಲಿ ಬೇವಿನ ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಸಿಗೆಯೊಳಗೆ ಅವು ಒಣಗಿ ಕಡ್ಡಿಯಾಗುತ್ತವೆ. ಕಳೆದ ಬೇಸಿಗೆಯಲ್ಲಿ ಮಾತ್ರ ಗುಡ್ಡದ ಹಿಂಬದಿಯ ಒಂದು ಪಟ್ಟಿ ಹಚ್ಚಹಸಿರಾಗಿತ್ತು. ಅದು ಬೇವಲ್ಲ, ಗಾಂಜಾ. ನಾಚಿಕೆಯಿಲ್ಲದೆ ಆಳೆತ್ತರ ಬೆಳೆದು ನಿಂತಿತ್ತು.

ಅದನ್ನು ಮೊದಲು ಕಂಡವನು ನನ್ನ ಅಣ್ಣ. ಕುರಿ ಮೇಯಿಸಲು ಹೋದವನು ನೆಟ್ಟಗೆ ಫಾರೆಸ್ಟ್ ಸಾಹೇಬರ ಬಳಿಗೆ ಹೋಗಿ ಹೇಳಿದ. ಇಂಥ ಸಾಚಾ ಮನುಷ್ಯನನ್ನು ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಮರುದಿನ ಜೀಪು ಬಂತು, ಗಿಡ ಕಿತ್ತರು, ಆಮೇಲೆ ಅಣ್ಣನನ್ನೇ ಜೀಪಿನಲ್ಲಿ ಕೂಡಿಸಿದರು. ಗುಡ್ಡದ ಮೇಲೆ ದಿನಾ ಓಡಾಡುವವನು ಅವನೇ, ಹಾಗಾಗಿ ಬೆಳೆದವನೂ ಅವನೇ!

ಸುದ್ದಿ ಕೇಳಿ ನಾನು ಗುಡ್ಡಕ್ಕೆ ಓಡಿದೆ. ಜೀಪು ಇನ್ನೂ ಅಲ್ಲೇ ನಿಂತಿತ್ತು. ಕಿತ್ತ ಗಿಡಗಳ ನಡುವೆ ಕರಿ ಪೈಪು ಬಿದ್ದಿತ್ತು.

"ಸಾಹೇಬ್ರ, ಈ ಪೈಪ್ ಎಲ್ಲಿಂದ ಬಂದೈತಿ ನೋಡ್ರಿ," ಎಂದೆ.

"ಆ ಹದ್ದಿನ ಕಲ್ಲಿನ ಆಚಿ ನಮ್ಮ ಜಾಗಾ ಅಲ್ಲವ್ವಾ," ಎಂದರು ಸಾಹೇಬರು.

ಕಳ್ಳನನ್ನು ಹಿಡಿಯಲು ಬಂದವರಿಗೆ ಒಂದು ಗಡಿಕಲ್ಲು ದಾಟುವ ಧೈರ್ಯವಿರಲಿಲ್ಲ. ನಾನೇ ಪೈಪಿನ ಗುಂಟ ನಡೆದೆ. ನೆರೆಯ ಹೆಂಗಸರೂ ಹಿಂದೆ ಬಂದರು. ಜಾಲಿ ಕಂಟಿಯೊಳಗೆ ನುಸುಳಿ ನುಸುಳಿ ಪೈಪು ನಮ್ಮೂರ ಪುಢಾರಿಯ ತೋಟದ ಮನೆಯ ಬಾವಿಗೆ ಹೋಗಿ ಮುಟ್ಟಿತು. ಮೈಕು ಸಿಕ್ಕಲ್ಲೆಲ್ಲ ಹುಡುಗರಿಗೆ ವ್ಯಸನ ಬಿಡಿ ಎಂದು ಬೋಧಿಸುವ ದೊಡ್ಡ ಮನುಷ್ಯ ಅವನು. ಅಷ್ಟರಲ್ಲಿ ಜೀಪೂ ಸುತ್ತುಹಾಕಿ ಅಲ್ಲಿಗೇ ಬಂದಿತ್ತು. ಸಾಹೇಬರು ಅವನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಅಣ್ಣ ಜೀಪಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಪೈಪು ತೋರಿಸಿದೆ. ಪುಢಾರಿ ಎದೆ ಎದೆ ಬಡಿದುಕೊಂಡ.

"ಅಯ್ಯಯ್ಯ, ನನ್ನ ಬಾವಿ ನೀರ ಕದ್ದಾರಲ್ರೀ ಸಾಹೇಬ್ರ! ನಂದೂ ಒಂದ ತಕ್ರಾರ ಬರ್ಕೋರಿ."

ಸಾಹೇಬರು ಪಾಪ ಎಂಬಂತೆ ತಲೆಯಾಡಿಸಿದರು. ಏನು ಕರುಣೆ!

"ಹೌದ್ರಿ ಕಾಕಾ, ಭಾಳ ಅನ್ಯಾಯ ಆತು," ಎಂದೆ ನಾನು. "ಆದ್ರ ಮೋಟಾರ ಸ್ಟಾರ್ಟರ್ ನಿಮ್ಮ ಮನಿ ಒಳಗ ಐತಿ. ಕೀಲಿ ನಿಮ್ಮ ಕಿಸೇದಾಗ ಐತಿ. ಮತ್ತ ದಿನಾ ಆ ಕಳ್ಳರಿಗೆ ಮೋಟಾರ ಚಾಲೂ ಮಾಡಿ ಕೊಡ್ತಿದ್ದವರು ಯಾರ್ರಿ?"

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಪುಢಾರಿ ಕಿಸೆಯ ಮೇಲೆ ಕೈಯಿಟ್ಟುಕೊಂಡ. ಸಾಹೇಬರು ಕಪ್ಪು ಕೆಳಗಿಟ್ಟು, ನನ್ನ ಕಡೆ ನೋಡದೆ, ಅಣ್ಣನನ್ನು ಜೀಪಿನಿಂದ ಇಳಿಸಿದರು. ಬೆಳೆದವರು ಯಾರೋ ಗೊತ್ತಿಲ್ಲ ಎಂದು ಬರೆದುಕೊಂಡು ಹೋದರು. ಪುಢಾರಿಯ ಮೈಮೇಲಿನ ಬಿಳಿ ಬಟ್ಟೆಗೆ ಒಂದು ಸುಕ್ಕೂ ಬೀಳಲಿಲ್ಲ.

ಮನೆಗೆ ಬರುವಾಗ ಅಣ್ಣ ಹೇಳಿದ: "ತಂಗೀ, ಇನ್ನ ಮ್ಯಾಲ ಗುಡ್ಡದಾಗ ಏನ ಕಂಡ್ರೂ ನಾ ಯಾರಿಗೂ ಹೇಳಂಗಿಲ್ಲವ್ವಾ."

ಸಾಹೇಬರಿಗಿಂತ, ಪುಢಾರಿಗಿಂತ, ಅವತ್ತು ನನಗೆ ಹೆಚ್ಚು ಸಿಟ್ಟು ತರಿಸಿದ್ದು ಆ ಮಾತು. ಅವರಿಬ್ಬರಿಗೂ ಬೇಕಾಗಿದ್ದುದು ಅದೊಂದೇ.