ದೇವರ ಕಪಾಟಿನಲ್ಲಿ ಆಸ್ಟ್ರೇಲಿಯಾದ ಹಾಡುಗಳು

ಕುವೈತಿನ ನಮ್ಮ ಮನೆಯಲ್ಲಿ ನಾನು ನೀರುದೋಸೆ ಹೊಯ್ಯುತ್ತಿದ್ದಾಗ ಕೆಳಗಿನ ಫ್ಲ್ಯಾಟಿನ ವಿಲ್ಫ್ರೆಡ್ ಪೆಟ್ಟಿಗೆ ಹೊತ್ತು ಬಂದರು. "ಕೆಲಸ ಖಲಾಸ್ ಅಕ್ಕ, ನಾಳೆ ಊರಿಗೆ. ಮಂಚ, ಮಿಕ್ಸಿ ಎಲ್ಲ ಕೊಟ್ಟಾಯ್ತು. ಇದು ಲಗೇಜಿಗೆ ಹಿಡಿಯುದಿಲ್ಲ, ಬಿಸಾಡ್ಲಿಕ್ಕೆ ಮನಸ್ಸಿಲ್ಲ. ಧೂಳು ತಾಗದ ಹಾಗೆ ಇಟ್ಕೊಳ್ತೀರಾ?"

ಒಳಗಿದ್ದದ್ದು ಆಸ್ಟ್ರೇಲಿಯಾದ ಒಂದು ಪೋಸ್ಟ್-ಪಂಕ್ ಎಂಬ ಬಗೆಯ ರಾಕ್ ಬ್ಯಾಂಡಿನ ರೆಕಾರ್ಡುಗಳು, ಮೊದಲನೆಯದರಿಂದ ಕೊನೆಯದರವರೆಗೆ. ಫೋನಿನಲ್ಲಿ ಒಂದು ಹಾಡು ಕೇಳಿಸಿದರು. ಹಾಡುವವ ಬೈದ ಹಾಗೆ ಹಾಡುತ್ತಾನೆ, ಆದರೆ ಆ ಡ್ರಮ್ಮಿನ ಪೆಟ್ಟು! ಸೌಟು ಹಿಡಿದೇ ತಾಳ ಹಾಕಿದೆ.

ಕುವೈತಿನ ಧೂಳು ಹೊಗದ ಜಾಗ ನಮ್ಮಲ್ಲಿ ದೇವರ ಕಪಾಟೊಂದೇ. ಕೈತೊಳೆದು ಪೆಟ್ಟಿಗೆಯನ್ನು ಅದರ ಕೆಳಖಾನೆಯಲ್ಲಿಟ್ಟೆ. ವಿಲ್ಫ್ರೆಡ್ ಕೈಮುಗಿದರು. ದೇವರಿಗೋ ಹಾಡಿಗೋ, ನಾನು ಕೇಳಲಿಲ್ಲ.

ಒಬ್ಬರ ಪ್ರೀತಿಯನ್ನು ಕಾಯಲು ಜಾಗ ಕೊಟ್ಟನಲ್ಲ ದೇವರು, ಅಷ್ಟು ಸಾಕು. ಆರಿದ ಕಾವಲಿಯನ್ನು ಮತ್ತೆ ಒಲೆಗಿಟ್ಟು ಅವರಿಗೂ ದೋಸೆ ಹೊಯ್ದೆ.