ಅತ್ತೆಯ ಅಂಗೈಯಲ್ಲಿ ಲಿಂಗ, ನನ್ನ ತೊಡೆಯಲ್ಲಿ ರಾಡು

ಮದುವೆಗೆ ಮೊದಲು ಮಹಾಗಾಂವಿನ ಹತ್ತಿರ ಟೆಂಪೋದಿಂದ ಬಿದ್ದು ನನ್ನ ತೊಡೆಯ ಎಲುಬು ಮುರಿದಿತ್ತು. ಒಳಗೆ ರಾಡು ಹಾಕಿದ್ದರು. ಸುದ್ದಿ ಹೊರಬಿದ್ದರೆ ಗಂಡು ಸಿಗುವುದಿಲ್ಲವೆಂದು ಅವ್ವ ಬಾಯಿಗೆ ಬೀಗ ಹಾಕಿದಳು. ಕಲಬುರಗಿಯವರು ಕನ್ಯೆ ನೋಡಲು ಕಮಲಾಪುರಕ್ಕೆ ಬಂದ ದಿನ, ಆಗಿನ್ನೂ ಇದ್ದ ಸಣ್ಣ ಕುಂಟು ಕಾಣದಂತೆ ನನ್ನನ್ನು ಮೊದಲೇ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂರಿಸಿದ್ದಳು. ಅವರು ರೊಟ್ಟಿ ನೋಡಿದರು, ನಡಿಗೆ ನೋಡಲಿಲ್ಲ. ಮದುವೆಯಾದ ಮೇಲೆ ಯಜಮಾನರಿಗೆ ಗೊತ್ತಾಯಿತು. ಅವರೂ ಅತ್ತೆಗೆ ಹೇಳಲಿಲ್ಲ.

ಹದಿನೆಂಟು ವರ್ಷದ ಮೇಲೆ ಸೊಂಟ ಹಿಡಿದು, ಕಾಲು ಜೋಮು ಹಿಡಿಯತೊಡಗಿತು. ಡಾಕ್ಟರು ಎಂಆರ್‌ಐ ಮಾಡಿಸಿ ಎಂದರು. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಬಿಳಿ ಕೋಟಿನ ಹೆಣ್ಣುಮಗಳೊಬ್ಬಳು ಕಾಗದ ಹಿಡಿದು ಕೇಳಿದಳು: “ಮೈಯಾಗ ರಾಡು, ಪ್ಲೇಟು ಏನರ ಹಾಕ್ಯಾರೇನ್ರೀ?”

ಪಕ್ಕದಲ್ಲೇ ಅತ್ತೆ. “ಇಲ್ರೀ” ಎಂದುಬಿಟ್ಟೆ. ಯಜಮಾನರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ತಾಳಿ, ಕಾಲುಂಗುರ, ತಲೆಪಿನ್ನು ಎಲ್ಲ ತೆಗೆಸಿದಳು. “ಒಳಗಿರೋದು ಭಾರೀ ಮ್ಯಾಗ್ನೆಟ್‌ರೀ. ಪಿನ್ನು ಬಾಣದಂಗ ಹಾರ್ತದ.” ಕೊರಳಿನ ಬೆಳ್ಳಿ ಕರಡಿಗೆಯೂ ಬೇಡವೆಂದಳು. ದೀಕ್ಷೆಯಾದಂದಿನಿಂದ ನನ್ನ ಮೈ ಬಿಟ್ಟಿರದ ಇಷ್ಟಲಿಂಗ ಅದರಲ್ಲಿತ್ತು. ಅತ್ತೆ ಸೆರಗು ಹಾಸಿ ಎರಡೂ ಅಂಗೈಯಲ್ಲಿ ಇಸಕೊಂಡರು. ನನ್ನ ಲಿಂಗ ಹಿಡಿದು ನಿಂತ ಆ ಕೈಗಳಿಗೆ ಸುಳ್ಳು ಹೇಳಿ ಒಳಗೆ ಹೇಗೆ ಹೋಗಲಿ?

“ಅತ್ತಿ, ನನ್ನ ತೊಡ್ಯಾಗ ರಾಡು ಅದ. ಲಗ್ನಕ್ಕಿಂತ ಮೊದಲಿಂದು.”

ಬಿಳಿ ಕೋಟಿನ ಹೆಣ್ಣುಮಗಳು ತಟ್ಟನೆ ಬಾಗಿಲಿಗೆ ಅಡ್ಡ ನಿಂತಳು. “ಮೊದ್ಲೇ ಹೇಳಬಾರದೇನ್ರೀ, ಅಕ್ಕೋರ!”

ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. “ಬಂಗಾರ ಎಷ್ಟು ಹಾಕ್ತೀರಿ ಅಂತ ಕೇಳಿದ್ವಿ. ಕಬ್ಬಣ ಕೇಳೋದು ಮರತೇ ಬಿಟ್ವಿ ನೋಡು.” ನಗಲಿಲ್ಲ. ಕರಡಿಗೆಯನ್ನು ನನ್ನ ಕೈಗಿತ್ತು, ಸ್ಕ್ಯಾನ್ ಮಾಡಿಸದೆಯೇ ಆಟೋ ಹತ್ತಿದರು.

ತವರಿನ ಟ್ರಂಕಿನಿಂದ ಆಪರೇಷನ್ನಿನ ಹಳೆಯ ಚೀಟಿ ತರಿಸಿದೆವು, ಎಕ್ಸ್‌ರೇ ಆಯಿತು. ಎರಡನ್ನೂ ನೋಡಿದ ಡಾಕ್ಟರು, ಇಂಥ ರಾಡನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ, ಆದರೂ ಬಿಸಿಯೆನಿಸಿದರೆ ಒಳಗೆ ಕೈಗೆ ಕೊಡುವ ರಬ್ಬರ್ ಚೆಂಡು ಒತ್ತಿ, ಮಷೀನು ನಿಲ್ಲಿಸುತ್ತಾರೆ ಎಂದರು. ಎರಡನೇ ಸಲ ಸ್ಕ್ಯಾನಿಗೆ ಹೋದಾಗ ನಾನು ಕೇಳುವ ಮೊದಲೇ ಅತ್ತೆ ಕರಡಿಗೆಗೆ ಅಂಗೈ ಚಾಚಿದರು.

ಕೊಳವೆಯೊಳಗೆ ಕಪನೂರಿನ ಕಾರ್ಖಾನೆಗಳೆಲ್ಲ ಒಟ್ಟಿಗೆ ಬಡಿದಂಥ ಸದ್ದು. ಪಿನ್ನು ಹಾರಿಸುವ ಶಕ್ತಿ ನನ್ನ ಸುತ್ತ ನಿಂತಿತ್ತು; ಕಣ್ಣಿಗೆ ಕಾಣದು, ಮೈಗೆ ತಾಗದು. ರಾಡು ಮಿಸುಕಲಿಲ್ಲ, ಬಿಸಿಯೂ ಆಗಲಿಲ್ಲ. ಚೆಂಡನ್ನೇ ಲಿಂಗದಂತೆ ಮೆಲ್ಲಗೆ ಹಿಡಿದು ಪಂಚಾಕ್ಷರಿ ಹೇಳಿದೆ. ಶಿವನೇ, ಇಷ್ಟು ದೊಡ್ಡ ಬಲದ ನಡುವೆ ನನ್ನಂಥವಳನ್ನು ಇಷ್ಟು ಹಗುರಾಗಿ ಮಲಗಿಸಿದೆಯಲ್ಲ!

ಹೊರಬಂದಾಗ ಅತ್ತೆ ತಾವೇ ನನ್ನ ಕೊರಳಿಗೆ ಕರಡಿಗೆ ಹಾಕಿದರು.

“ಅವತ್ತ ಬರೇ ರೊಟ್ಟಿ ನೋಡಿದ್ದೆ. ಈಗ ನಡದು ತೋರಸು.”

ಆ ಉದ್ದನೆಯ ವರಾಂಡದಲ್ಲಿ, ನಲವತ್ತರ ಹತ್ತಿರದ ನಾನು ಬರಿಗಾಲಲ್ಲಿ ನಡೆದು ತೋರಿಸಿದೆ.